ಕೆನಡಾದಲ್ಲಿರುವ ಜಮೀನನ್ನು ಕಾಡಾಗಿಯೇ ಉಳಿಸುವುದು ಹೇಗೆ?

ಒಂಟಾರಿಯೊದ ಹಳ್ಳಿ ಕಡೆ ನಿಮಗೊಂದು ಜಮೀನಿದೆ ಅಂದುಕೊಳ್ಳಿ. ಒಂದು ಮೂಲೆಯಲ್ಲಿ ಜವುಗು, ಹಿಂದೆ ಮೇಪಲ್ ಕಾಡು. ಮಾರಿದರೆ ಬುಲ್ಡೋಜರ್ ಬರುತ್ತದೆ ಅನ್ನೋ ಸಂಕಟ. ಇಂಥವರಿಗಾಗಿಯೇ ಕೆನಡಾ ಸರ್ಕಾರ 1995ರಿಂದ ‘ಇಕಲಾಜಿಕಲ್ ಗಿಫ್ಟ್ಸ್ ಪ್ರೋಗ್ರಾಂ’ ನಡೆಸುತ್ತಿದೆ. ಚಿಕ್ಕದಾಗಿ ಇಕೋಗಿಫ್ಟ್. ಪರಿಸರಕ್ಕೆ ಮುಖ್ಯವಾದ ಜಮೀನನ್ನು ಕಾಪಾಡುವವರಿಗೆ ದಾನ ಕೊಟ್ಟರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, ಇಷ್ಟೇ ಇದರ ಸಾರ. ಅಲ್ಲಿ ಜಮೀನು ಮಾಡಿಕೊಂಡಿರುವ ಕನ್ನಡಿಗರೂ ಇದನ್ನು ತಿಳಿದಿರಬೇಕು.

ಮೊದಲು ಮನೆಯವರೆಲ್ಲ ಕೂತು ತೀರ್ಮಾನಿಸಿ: ಜಮೀನನ್ನೇ ಕೊಡುತ್ತೀರಾ, ಈಸ್‌ಮೆಂಟ್ ಮಾತ್ರವೇ? ಈಸ್‌ಮೆಂಟ್ ಅಂದರೆ ನೆಲಕ್ಕೆ ಅಂಟಿಕೊಂಡ ಕರಾರು. ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ. ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಮರ ಕಡಿಯಬಾರದು, ಜವುಗು ಮುಚ್ಚಬಾರದು ಅಂತ ಬರೆದಿದ್ದರೆ ಮುಂದೆ ಕೊಂಡವರೂ ಅದಕ್ಕೆ ಬದ್ಧ. ಕರಾರಿನಿಂದ ಜಮೀನಿನ ಬೆಲೆ ಎಷ್ಟು ಇಳಿಯುತ್ತದೋ, ಸಾಮಾನ್ಯವಾಗಿ ಅದೇ ದಾನದ ಮೌಲ್ಯ. ಅಲ್ಲೇ ಬಾಳಿ ಬದುಕಿ, ಆ ನೆಲದ ಮೇಲೆ ಜೀವ ಇಟ್ಟುಕೊಂಡವರಿಗೆ ನಾನು ಈಸ್‌ಮೆಂಟನ್ನೇ ಹೇಳುತ್ತೇನೆ.

ಆಮೇಲೆ ಪಡೆಯುವವರನ್ನು ಹುಡುಕಿ. ಸ್ಥಳೀಯ ಲ್ಯಾಂಡ್ ಟ್ರಸ್ಟ್ (ಜಮೀನು ಕಾಪಾಡುವ ಸೇವಾ ಸಂಸ್ಥೆ) ಆಗಬಹುದು, 1962ರಲ್ಲಿ ಶುರುವಾದ ನೇಚರ್ ಕನ್ಸರ್ವೆನ್ಸಿ ಆಫ್ ಕೆನಡಾ ಆಗಬಹುದು, ಸರ್ಕಾರವೂ ಆಗಬಹುದು. ಖಾಸಗಿ ಫೌಂಡೇಶನ್‌ಗಳಿಗೆ 2017ರಿಂದ ಅವಕಾಶವಿಲ್ಲ. ಜಮೀನಿಗೆ ಬೆಲೆ ಕಟ್ಟುವ ಅಪ್ರೈಸರ್ ಫೀಸು, ವಕೀಲರ ಖರ್ಚು ಯಾರದು ಅಂತ ಈಗಲೇ ಮಾತಾಡಿಕೊಳ್ಳಿ.

ಮುಂದೆ ಎರಡು ಅರ್ಜಿ. ಒಂದು, ಈ ನೆಲ ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಅನ್ನೋ ಸರ್ಟಿಫಿಕೇಟಿಗೆ. ಇನ್ನೊಂದು, ಬೆಲೆ ಗೊತ್ತುಮಾಡಲು. ಅಪ್ರೈಸರ್ ಕೊಟ್ಟ ವರದಿಯನ್ನು ತಜ್ಞರು ಪರಿಶೀಲಿಸುತ್ತಾರೆ. ಪರಿಸರ ಇಲಾಖೆ ಮೌಲ್ಯ ನಿಗದಿ ಮಾಡಿ ನೋಟಿಸ್ ಕಳಿಸುತ್ತದೆ. ಒಪ್ಪಿಗೆ ಇಲ್ಲದಿದ್ದರೆ 90 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ದಯವಿಟ್ಟು ಈ ನೋಟಿಸ್ ಕೈಗೆ ಬಂದ ಮೇಲೆಯೇ ದಾನಪತ್ರಕ್ಕೆ ಸಹಿ ಹಾಕಿ. ಎಷ್ಟು ಮೌಲ್ಯಕ್ಕೆ ರಸೀದಿ ಸಿಗುತ್ತದೆ ಅಂತ ಗೊತ್ತಿಲ್ಲದೆ ಜಮೀನು ಬಿಟ್ಟುಕೊಡಬೇಡಿ.

ಈಗ ತೆರಿಗೆ. 1 ಲಕ್ಷ ಡಾಲರ್‌ಗೆ ಕೊಂಡ ಜಮೀನು ಇವತ್ತು 5 ಲಕ್ಷ ಬಾಳುತ್ತದೆ ಅನ್ನಿ. ಮಾರಿದರೆ 4 ಲಕ್ಷ ಲಾಭದಲ್ಲಿ ಅರ್ಧ ನಿಮ್ಮ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಇಕೋಗಿಫ್ಟ್ ಮಾಡಿದರೆ, 2006ರಿಂದ, ಆ ಲಾಭದ ಮೇಲೆ ತೆರಿಗೆಯೇ ಇಲ್ಲ. ವ್ಯಾಪಾರಕ್ಕೆಂದೇ ಕೊಂಡಿಟ್ಟ ಜಮೀನಿಗೆ ಮಾತ್ರ ಈ ವಿನಾಯಿತಿ ಸಿಗದು. ಇದರ ಜೊತೆಗೆ ದಾನದ ಮೌಲ್ಯಕ್ಕೆ ತೆರಿಗೆ ರಿಯಾಯಿತಿ ಬೇರೆ. ಮಾಮೂಲಿ ದಾನಕ್ಕೆ ವರ್ಷದ ಆದಾಯದ ಶೇ 75ರ ಮಿತಿ ಇದೆ, ಇದಕ್ಕಿಲ್ಲ. ಒಂದೇ ವರ್ಷ ಬಳಸಿಕೊಳ್ಳಲು ಆಗಲಿಲ್ಲವಾ? ಉಳಿದದ್ದನ್ನು ಮುಂದಿನ 10 ವರ್ಷ ಬಳಸಿಕೊಳ್ಳಬಹುದು.

ಕೊಟ್ಟ ಮೇಲೆ ಟ್ರಸ್ಟಿನವರೇ ಮಾರಿಬಿಟ್ಟರೆ? ಅನುಮತಿ ಇಲ್ಲದೆ ಮಾರಿದರೆ ಅಥವಾ ಬಳಕೆ ಬದಲಿಸಿದರೆ ಅವರು ಜಮೀನಿನ ಬೆಲೆಯ ಅರ್ಧದಷ್ಟನ್ನು ತೆರಿಗೆಯಾಗಿ ಕಟ್ಟಬೇಕು. ಇಡೀ ಯೋಜನೆಯಲ್ಲಿ ನನಗೆ ಜಾಸ್ತಿ ಧೈರ್ಯ ಕೊಟ್ಟ ನಿಯಮ ಇದೇ.

ಊರಿನ ತೋಟಕ್ಕೂ ಇದು ಆಗುತ್ತದಾ ಅಂತ ಕೇಳುತ್ತೀರಿ, ಅಲ್ವಾ? ಆಗುವುದಿಲ್ಲ. ಭಾರತದಲ್ಲಿ ದಾನದ ತೆರಿಗೆ ರಿಯಾಯಿತಿ ಹಣಕ್ಕೆ ಮಾತ್ರ, ಜಮೀನಿಗಿಲ್ಲ. ಆದರೆ ಮಾಲೀಕರು ತಾವಾಗಿ ಮುಂದೆ ಬಂದರೆ, ವನ್ಯಜೀವಿ ಕಾಯ್ದೆಯಡಿ ಖಾಸಗಿ ಜಾಗವನ್ನೂ ಸರ್ಕಾರ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ 2007ರಲ್ಲಿ ಆ ಸ್ಥಾನ ಸಿಕ್ಕಿತು. ಅಲ್ಲಿ ಊರವರ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ.