ಮುಟ್ಟು ನಿಲ್ಲುವ ವಯಸ್ಸಿನವರಿಗೆ ಭಾರ ಎತ್ತಿಸಿದ್ದು: ನನ್ನ ಅನುಭವ

ಈ ವಯಸ್ಸಿನಲ್ಲಿ ಭಾರ ಎತ್ತಿಸಿದರೆ ಮಂಡಿ ಹೋಗುತ್ತದೆ, ಗರ್ಭಕೋಶ ಜಾರುತ್ತದೆ, ವಾಕಿಂಗ್ ಸಾಕು ಎಂದು ಜೊತೆಯ ತರಬೇತುದಾರರೇ ಹೇಳಿದ್ದರು. ಆದರೂ ಎತ್ತಿಸತೊಡಗಿ ಎರಡು ವರ್ಷವಾಯಿತು. 45ರಿಂದ 58ರ ಒಳಗಿನ ಹೆಂಗಸರ ಬ್ಯಾಚು. ಶುರುವಿನಲ್ಲಿ ಇಪ್ಪತ್ತರ ಆಸುಪಾಸು ಜನ, ಈಗಲೂ ಹದಿನಾರೋ ಹದಿನೇಳೋ ಜನ ತಪ್ಪದೆ ಬರುತ್ತಾರೆ. ಸೊಂಟ ಹಿಡಿಸಿಕೊಂಡು ಬಿಟ್ಟವರು ಒಬ್ಬರೂ ಇಲ್ಲ, ಆ ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವುದು), ಡೆಡ್‌ಲಿಫ್ಟ್ (ಕೆಳಗಿರುವ ಭಾರ ಎತ್ತಿ ನಿಲ್ಲುವುದು) ಕಲಿಸುವುದು ತರಬೇತುದಾರರಾದ ನಿಮಗೆ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ.

ಮೊದಲು ಸೋತ ಕ್ರಮ. ವಾರಕ್ಕೆ ಐದು ದಿನ, ಸಂಜೆ ಮುಕ್ಕಾಲು ಗಂಟೆ, 2 ಕೆಜಿ ಡಂಬೆಲ್, 20 ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಮಧ್ಯೆ ವಿಶ್ರಾಂತಿಯೇ ಇಲ್ಲದೆ ಒಂದರ ಹಿಂದೊಂದು ವ್ಯಾಯಾಮದ ಸರ್ಕ್ಯೂಟ್. ನಾಲ್ಕು ತಿಂಗಳು ಹೀಗೇ ನಡೆಯಿತು. ಕ್ಲಾಸಿನ ನಡುವೆಯೇ ಮೈ ಬಿಸಿಯೇರಿ ಬೆವರಿಳಿಯುವುದು, ರಾತ್ರಿ ನಿದ್ದೆ ಬಾರದಿರುವುದು, ಮೂರನೇ ವಾರದಿಂದ ಒಬ್ಬೊಬ್ಬರಿಗೇ ಸೊಂಟದ ಪಕ್ಕದ ನೋವು. 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆಂದು ಎಣಿಸಿದರೆ ಸರಾಸರಿ 12 ಇದ್ದದ್ದು 13ಕ್ಕೆ ಬಂದು ನಿಂತಿತು. 40 ರೆಪ್ ಮಾಡುವ ತಾಕತ್ತಿರುವವರನ್ನು 20ಕ್ಕೆ ನಿಲ್ಲಿಸುತ್ತಿದ್ದೆ. ಸ್ನಾಯುವಿಗೆ ಅದು ಕೆಲಸವೇ ಅಲ್ಲ, ಮೂಳೆಗಂತೂ ಅಷ್ಟು ಹಗುರ ಭಾರ ತಟ್ಟುವುದೇ ಇಲ್ಲ.

ಭಾರ ಏರಿಸಲು ಧೈರ್ಯ ಕೊಟ್ಟದ್ದು ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗ. ಮುಟ್ಟು ನಿಂತ, ಮೂಳೆ ಸಾಂದ್ರತೆ ಇಳಿದಿದ್ದ ಹೆಂಗಸರಿಗೆ ವಾರಕ್ಕೆ 2 ದಿನ, ಸಲಕ್ಕೆ 30 ನಿಮಿಷ, 8 ತಿಂಗಳು ಭಾರ ಎತ್ತಿಸಿದ್ದರು. 5 ಸೆಟ್, ಸೆಟ್ಟಿಗೆ 5 ರೆಪ್, ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ 85 ಪ್ರತಿಶತಕ್ಕಿಂತ ಮೇಲೆ. ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 2.9 ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1.2 ಇಳಿಯಿತು. 2018ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರತಿ ರೆಪ್ಪಿಗೂ ಕಣ್ಗಾವಲಿತ್ತು ಎಂಬುದನ್ನು ಮರೆತು ನಕಲು ಮಾಡಬೇಡಿ.

ನಾನು ನಿಲ್ಲಿಸಿಕೊಂಡ ಕ್ರಮ: ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು, ಬೆಳಗಿನ ಹೊತ್ತು. ಉಳಿದ ದಿನ ವಾಕಿಂಗ್ ಅವರವರೇ ಮಾಡಿಕೊಳ್ಳುತ್ತಾರೆ. ಮೊದಲ 8 ವಾರ 10 ರೆಪ್ಪಿನ 3 ಸೆಟ್, ಇನ್ನೂ ಮೂರ್ನಾಲ್ಕು ರೆಪ್ ಆಗುತ್ತದೆ ಎನ್ನುವಾಗಲೇ ನಿಲ್ಲಿಸುವುದು. ಸ್ನಾಯು ಬೇಗ ಒಗ್ಗುತ್ತದೆ, ಅದನ್ನು ಮೂಳೆಗೆ ಬಿಗಿಯುವ ಟೆಂಡನ್ ನಿಧಾನ. ಆಮೇಲೆ 6 ರೆಪ್ಪಿನ 4 ಸೆಟ್, ಐದಾರು ತಿಂಗಳಿಗೆ 5 ರೆಪ್ಪಿನ 5 ಸೆಟ್. ಆಗಲೂ ಎರಡು ರೆಪ್ ಉಳಿಸಿಯೇ ಬಾರ್ ಕೆಳಗಿಡಿಸುತ್ತೇನೆ. ಸೆಟ್ಟುಗಳ ನಡುವೆ ಮೂರು ನಿಮಿಷ, ಫ್ಯಾನಿನ ಕೆಳಗೆ ಕುಳಿತು. ಆ ಮೂರು ನಿಮಿಷ ಕಡಿತ ಮಾಡಿದ ದಿನವೇ ಬಿಸಿಯೇರುವ ಕಾಟ ಜಾಸ್ತಿ.

ಡೆಡ್‌ಲಿಫ್ಟ್ ಶುರು ಮಾಡಿಸಿದ್ದು ಮಂಡಿ ಕೆಳಗಿನ ಎತ್ತರದ ಮಣೆಯ ಮೇಲಿಟ್ಟ 12 ಕೆಜಿ ಕೆಟಲ್‌ಬೆಲ್‌ನಿಂದ (ಹಿಡಿಯಿರುವ ಕಬ್ಬಿಣದ ಗುಂಡು). ವರ್ಷದ ಹೊತ್ತಿಗೆ ಹೆಚ್ಚಿನವರು 45-50 ಕೆಜಿ ಬಾರ್‌ಗೆ ಬಂದರು, ಇಬ್ಬರು 60 ದಾಟಿದರು. ಕಾಲಿನ ವ್ಯಾಯಾಮಕ್ಕೆ ಎರಡು ವಾರಕ್ಕೊಮ್ಮೆ 2.5 ಕೆಜಿ ಏರಿಸಬಹುದು. ತಲೆಯ ಮೇಲೆ ಎತ್ತುವ ಪ್ರೆಸ್‌ಗೆ ಅದು ದೊಡ್ಡ ನೆಗೆತ, ಅಲ್ಲಿ ಅರ್ಧ ಕೆಜಿ ಸಾಕು. ಸಣ್ಣ ಪ್ಲೇಟ್ ಸಿಗದಿದ್ದರೆ ಮರಳು ತುಂಬಿದ ಕಾಲು ಕೆಜಿಯ ಎರಡು ಚೀಲ ತೂಗಿ, ಬಾರಿನ ಎರಡೂ ತುದಿಗೆ ಬಿಗಿಯಾಗಿ ಕಟ್ಟಿ. ಸಡಿಲ ಕಟ್ಟಿದರೆ ತೂಗಾಡಿ ಮಣಿಕಟ್ಟು ನೋಯಿಸುತ್ತದೆ.

ನಿಜವಾಗಿ ದಾರಿ ತೆರೆದದ್ದು ನಿದ್ದೆಯ ಲೆಕ್ಕ. ಬಾಗಿಲಲ್ಲೇ ಕೇಳುತ್ತೇನೆ: ನಿನ್ನೆ ಎಷ್ಟು ಗಂಟೆ ಮಲಗಿದ್ದಿರಿ, ಎಷ್ಟು ಸಲ ಎಚ್ಚರವಾಯಿತು? ಐದು ಗಂಟೆಗಿಂತ ಕಡಿಮೆ ಅಥವಾ ಮೂರು ಸಲ ಎಚ್ಚರವಾಗಿದ್ದರೆ ಅವರ ಚೀಟಿಯಲ್ಲಿ ಗುರುತು. ಮೊದಲೆಲ್ಲ ಅಂಥ ದಿನ ಭಾರ ಇಳಿಸುತ್ತಿದ್ದೆ. ಆರು ವಾರವಾದರೂ ಒಂದೇ ತೂಕದಲ್ಲಿ ಸಿಕ್ಕಿಕೊಂಡರು, ಏಕೆಂದರೆ ಕೆಟ್ಟ ನಿದ್ದೆಯ ರಾತ್ರಿಗಳೇ ಹೆಚ್ಚು. ಈಗ ಭಾರ ಮುಟ್ಟುವುದಿಲ್ಲ, ಸೆಟ್ ಕಡಿಮೆ ಮಾಡುತ್ತೇನೆ: ಐದರ ಬದಲು ಎರಡು. ಭಾರದ ರುಚಿ ಮೈಗೆ ಉಳಿಯುತ್ತದೆ, ಸುಸ್ತು ಮೇಲೇರುವುದಿಲ್ಲ. 

ಸೆಟ್ಟಿನ ನಡುವೆ ಬಿಸಿಯೇರಿದರೆ ಬಾರ್ ಇಡಿಸಿ, ಕುಳ್ಳಿರಿಸಿ, ಕತ್ತಿನ ಹಿಂದೆ ಒದ್ದೆ ಬಟ್ಟೆ. ಎರಡು-ನಾಲ್ಕು ನಿಮಿಷದಲ್ಲಿ ಇಳಿಯುತ್ತದೆ. ಅಂಗೈ ಒರೆಸದೆ ಮತ್ತೆ ಬಾರ್ ಹಿಡಿಸಬೇಡಿ, ಜಾರುತ್ತದೆ. ವ್ಯಾಯಾಮದಿಂದ ಬಿಸಿಯೇರುವುದು ನಿಲ್ಲುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ, ನನ್ನ ಬ್ಯಾಚಿನಲ್ಲೂ ಕೆಲವರಿಗೆ ತಗ್ಗಿತು, ಕೆಲವರಿಗೆ ಇಲ್ಲ.

ಭಾರದ ಜೊತೆ ಜಿಗಿತವನ್ನೂ ಮಾಡಿಸುತ್ತೇನೆ. ಜಿಗಿತದಲ್ಲಿ ಮೂತ್ರ ಸೋರುವುದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಜಿಗಿತದ ದಿನವೇ ರಜೆ ಹಾಕುವವರಿದ್ದರೆ ಅರ್ಥ ಮಾಡಿಕೊಳ್ಳಿ, ಒಬ್ಬರನ್ನೇ ಪಕ್ಕಕ್ಕೆ ಕರೆದು ನಯವಾಗಿ ಕೇಳಿ. ನಾನು ಜಿಗಿತಕ್ಕೆ ಮುಂಚೆ ನಾಲ್ಕು ವಾರ ಹಿಮ್ಮಡಿ ಬೀಳಿಸುತ್ತೇನೆ: ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಧಪ್ಪೆಂದು ನೆಲಕ್ಕೆ ಬಿಡುವುದು, ಹತ್ತರಂತೆ ಮೂರು ಸಲ. ಎತ್ತುವ ಮುನ್ನ ಮೂತ್ರ ತಡೆಯುವ ಸ್ನಾಯು ಮೇಲೆಳೆದುಕೊಂಡು, ಎತ್ತುವಾಗ ಉಸಿರು ಬಿಡುವುದು. ಕೆಳಗೆ ಏನೋ ಜಗ್ಗಿದಂತಾಗುತ್ತದೆ ಎಂದವರನ್ನು ಮೊದಲು ಸ್ತ್ರೀರೋಗ ತಜ್ಞರ ಬಳಿ ಕಳಿಸಿ, ಭಾರ ಆಮೇಲೆ.

ಸೊಂಟದ ಪಕ್ಕದ ನೋವಿಗೆ ಕಾಲು ಅಡ್ಡ ಹಾಕಿ ಎಳೆಯುವ ಸ್ಟ್ರೆಚ್ ಮಾಡಿಸಿದ್ದು ನನ್ನ ದೊಡ್ಡ ತಪ್ಪು. ಟೆಂಡನ್ ಮೂಳೆಗೆ ಒತ್ತಿ ಇನ್ನಷ್ಟು ಕೆರಳಿತು. ಸ್ಟ್ರೆಚ್ ಬಿಡಿಸಿ, ಮಲಗುವಾಗ ಮಂಡಿಗಳ ನಡುವೆ ದಿಂಬು ಇಡಿಸಿ, ಬ್ರಿಡ್ಜ್ (ಅಂಗಾತ ಮಲಗಿ ಸೊಂಟ ಎತ್ತುವುದು) 30-40 ಸೆಕೆಂಡ್ ಹಿಡಿಸಿದೆ, ಐದು ಸಲ. ಎರಡು ತಿಂಗಳು ಹಿಡಿಯಿತು. ಭುಜ ಬಿಗಿದುಕೊಂಡವರಿಗೆ ಪ್ರೆಸ್ ಬೇಡ, ಭಾರವನ್ನು ಮೈಯತ್ತ ಎಳೆಯುವ ರೋ ಮಾಡಿಸಿ. ಬೆನ್ನುಮೂಳೆ ಸವೆದು ಟಿ-ಸ್ಕೋರ್ (ಮೂಳೆ ಸಾಂದ್ರತೆಯ ಅಂಕ) -2.5 ಅಥವಾ ಅದಕ್ಕೂ ಕೆಳಗಿದ್ದರೆ ಸಿಟ್‌ಅಪ್ ಪೂರ್ತಿ ಬಂದ್, ಬೆನ್ನು ಗೂನು ಮಾಡಿ ಭಾರ ಎತ್ತುವುದೂ ಬಂದ್.

ಇಬ್ಬರು ತಿಂಗಳುಗಟ್ಟಲೆ ಏರಲೇ ಇಲ್ಲ, ಎರಡನೇ ಸೆಟ್ಟಿಗೇ ಏದುಸಿರು. ಶ್ರದ್ಧೆ ಸಾಲದು ಎಂದುಕೊಂಡಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಎರಡೂ ತಳದಲ್ಲಿ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಸ್ರಾವ ವಿಪರೀತವಾಗುವುದು ಅಪರೂಪವಲ್ಲ. ಈಗ ಸೇರುವಾಗಲೇ ಕೇಳುತ್ತೇನೆ. ಮುಟ್ಟು 12 ತಿಂಗಳು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅಂದೇ ಅಭ್ಯಾಸ ನಿಲ್ಲಿಸಿ, ವೈದ್ಯರ ಬಳಿ ಕಳಿಸುತ್ತೇನೆ.

ದುಡ್ಡು ನೀರಿಗೆ ಹೋದದ್ದು ಟ್ರೆಡ್‌ಮಿಲ್‌ನಲ್ಲಿ ಮತ್ತು ಕಂಪಿಸುವ ಹಲಗೆಯಲ್ಲಿ. ಟ್ರೆಡ್‌ಮಿಲ್‌ಗೆ ಸುರಿದದ್ದರ ಮೂರನೇ ಒಂದು ಭಾಗದಲ್ಲಿ ಎರಡು ಬಾರ್, ಪ್ಲೇಟು, ರಬ್ಬರ್ ಹಾಸು ಎಲ್ಲ ಬಂದವು. ಹಾಸಿನಲ್ಲಿ ಮಾತ್ರ ಜಿಪುಣತನ ಬೇಡ: ತೆಳುವಾದದ್ದು ತಂದಿದ್ದೆ, ಎಂಟು ತಿಂಗಳಿಗೆ ಹರಿಯಿತು, ಮತ್ತೆ ಕೊಂಡೆ.

ಪಕ್ಕದ ಪ್ರಯೋಗ ಒಂದೆರಡು. ನಾಲ್ವರಿಗೆ 5 ಕೆಜಿ ಭಾರದ ಜಾಕೆಟ್ ತೊಡಿಸಿ ಮೂರು ತಿಂಗಳು ನಡೆಸಿದೆ. ಕುರ್ಚಿ ಎಣಿಕೆಯಲ್ಲಿ ಬದಲಾವಣೆ ಇಲ್ಲ, ಇಬ್ಬರಿಗೆ ಕತ್ತು ನೋವು, ಬಿಟ್ಟೆ. ವೈದ್ಯರನ್ನು ಕೇಳಿಕೊಂಡು ಕೆಲವರು ದಿನಕ್ಕೆ 3-5 ಗ್ರಾಂ ಕ್ರಿಯೇಟಿನ್ (ಸ್ನಾಯುವಿನ ಬಲಕ್ಕೆಂದು ತೆಗೆದುಕೊಳ್ಳುವ ಪೂರಕ) ತೆಗೆದುಕೊಂಡರು. ಮೊದಲ ವಾರಗಳಲ್ಲಿ ನೀರು ಹಿಡಿದು ಒಂದು ಕೆಜಿಯಷ್ಟು ತೂಕ ಏರುತ್ತದೆ, ಮೊದಲೇ ಹೇಳದಿದ್ದರೆ ಹೆದರಿ ನಿಲ್ಲಿಸುತ್ತಾರೆ.

ಕುರ್ಚಿ ಎಣಿಕೆ ಈಗ 18-19. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನು ವರ್ಷದೊಳಗೆ ಮತ್ತೆ ಮಾಡಿಸಬೇಡಿ, ಮಾಡಿಸಿದಾಗ ಅದೇ ಯಂತ್ರದಲ್ಲೇ ಮಾಡಿಸಿ. ಯಂತ್ರ ಬದಲಾದರೆ ಅಂಕಿಯ ಏರಿಳಿತ ಮೂಳೆಯದೋ ಯಂತ್ರದ್ದೋ ತಿಳಿಯುವುದಿಲ್ಲ. ನಮ್ಮಲ್ಲಿ ಮೂವರ ಎರಡನೇ ಸ್ಕ್ಯಾನ್ ಹಾಗೆಯೇ ವ್ಯರ್ಥವಾಯಿತು.