ವ್ಯಾನಿನ ಫ್ರಿಜ್ ರಾತ್ರಿ ನಿಲ್ಲುತ್ತಿತ್ತು, ಈಗ ಸರಿಯಾಯಿತು

ಕುಂಬಳೆಯ ಮನೆಯಂಗಳದಲ್ಲೇ ಹಳೇ ವ್ಯಾನನ್ನು ಕ್ಯಾಂಪರ್ (ಒಳಗೇ ಉಳಿದುಕೊಂಡು ಪ್ರವಾಸ ಮಾಡುವ ಗಾಡಿ) ಮಾಡಿದೆವು. ಬೇಕಲದಲ್ಲಿ ಮೊದಲ ರಾತ್ರಿಯೇ ಫ್ರಿಜ್ ನಿಂತಿತು. ಮೀನೆಲ್ಲ ಹಾಳು, ತುಂಬಾ ಬೇಜಾರಾಯಿತು.

ಬ್ಯಾಟರಿ ಖಾಲಿಯಾಗಿರಲಿಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದೆ. ಬ್ಯಾಟರಿಯಲ್ಲಿ 13.1 ವೋಲ್ಟ್, ಕಂಪ್ರೆಸರ್ ಶುರುವಾಗುವಾಗ ಫ್ರಿಜ್ ಹತ್ತಿರ ಬರೀ 11.1. ಅಷ್ಟು ಕಡಿಮೆಯಾದ್ದರಿಂದಲೇ ಫ್ರಿಜ್ ನಿಲ್ಲುತ್ತಿತ್ತು. ಮಧ್ಯೆ ಏಳು ಮೀಟರ್ ವಯರ್, ಮನೆಯ ಲೈಟಿಗೆ ಹಾಕುವ 1 ಚದರ ಮಿಲಿಮೀಟರಿನದು. ತಪ್ಪು ಅಲ್ಲೇ ಇತ್ತು. 50 ವ್ಯಾಟಿನ ಫ್ರಿಜ್ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಕೂಡ ಎಳೆಯುವುದಿಲ್ಲ. ವ್ಯಾನಿನ ಬ್ಯಾಟರಿಯ 12 ವೋಲ್ಟಿನಲ್ಲಿ ನಾಲ್ಕಕ್ಕಿಂತ ಜಾಸ್ತಿ, ಶುರುವಾಗುವಾಗ ಇನ್ನೂ ಹೆಚ್ಚು. ಸಣ್ಣ ವಯರಿನಲ್ಲಿ ವೋಲ್ಟೇಜ್ ಬೀಳದೆ ಇರುತ್ತದಾ?

6 ಚದರ ಮಿಲಿಮೀಟರಿನ ತಾಮ್ರದ ವಯರ್ ಎಳೆದೆ. ಪ್ಲಸ್ಸಿಗೂ ಮೈನಸ್ಸಿಗೂ ಅದೇ ದಪ್ಪ. ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿದೆ, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಈಗ ಫ್ರಿಜ್ ಹತ್ತಿರ 12.7 ಸಿಗುತ್ತಿದೆ. ಮೊನ್ನೆ ರಾಣಿಪುರ ಬೆಟ್ಟದ ಬುಡದಲ್ಲಿ ಇಡೀ ರಾತ್ರಿ ಓಡಿತು.