ತೋಟದ ನಾಯಿಯ ತಳಿ ಯಾವುದು? ಬಣ್ಣ ಬಿಟ್ಟು ಎಲುಬು ನೋಡಿ

ತೋಟ, ಗದ್ದೆ ಇರುವ ಮನೆಯಲ್ಲಿ ಒಂದು ನಾಯಿ ಇದ್ದೇ ಇರುತ್ತದೆ. ನೆಂಟರ ಮನೆಯಿಂದ ಚೀಲದಲ್ಲಿ ತಂದದ್ದೋ, ತಾನಾಗಿಯೇ ಬಂದು ಕೊಟ್ಟಿಗೆಯ ಬದಿಗೆ ಮಲಗಿದ್ದೋ, ಅಂತೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮನೆಯವರಲ್ಲೊಬ್ಬನಾಗಿರುತ್ತದೆ. ಆಮೇಲೆ ಬಂದವರೆಲ್ಲ ‘ಇದು ಯಾವ ಜಾತಿ?’ ಎಂದು ಕೇಳುತ್ತಾರೆ. ಕಪ್ಪು ಮೈ, ಕಂದು ಕಾಲು ಇದ್ದರೆ ಡಾಬರ್‌ಮನ್ ಕ್ರಾಸ್, ಕಿವಿ ನಿಗುರಿದ್ದರೆ ಅಲ್ಸೇಷಿಯನ್ ಕ್ರಾಸ್, ಮೈ ತೆಳ್ಳಗಿದ್ದರೆ ಮುಧೋಳ ಎಂಬ ಉತ್ತರಗಳೂ ಸಿದ್ಧವಾಗಿರುತ್ತವೆ. ಈ ಉತ್ತರಗಳು ಹೆಚ್ಚಾಗಿ ತಪ್ಪುವುದು ನಾವು ಬಣ್ಣವನ್ನು ಮೊದಲು ನೋಡಿ, ಎಲುಬಿನ ಕಟ್ಟನ್ನು ಕಡೆಗೆ ನೋಡುವುದರಿಂದ. ಕ್ರಮವನ್ನು ತಿರುಗಿಸಿದರೆ ಮನೆಯಲ್ಲೇ ಬಹುಮಟ್ಟಿಗೆ ನಿರ್ಧರಿಸಬಹುದು.

ಶುರುಮಾಡುವ ಮುನ್ನ ಒಂದು ತಿಳಿವಳಿಕೆ ಅಗತ್ಯ. ನಮ್ಮ ಊರುಗಳ ನಾಡನಾಯಿ ಹತ್ತು ತಳಿಗಳನ್ನು ಬೆರೆಸಿದ ಕಲಬೆರಕೆಯಲ್ಲ. ತಂದೆ ತಾಯಿಯ ಹೆಸರು ಬರೆದಿಟ್ಟು, ಹೊರಗಿನ ರಕ್ತ ಸೇರದಂತೆ ಕಾಪಾಡುವ ಇಂದಿನ ತಳಿ ಪದ್ಧತಿ ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಥ ದಾಖಲೆ ಇಡುವ ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದೇ 1873ರಲ್ಲಿ. ನಾಡನಾಯಿಗಳು ಅದಕ್ಕಿಂತ ಬಹಳ ಹಿಂದಿನಿಂದ ಮನುಷ್ಯರ ಊರುಗಳ ಸುತ್ತ ತಮ್ಮ ಪಾಡಿಗೆ ತಾವು ಬೆಳೆದು ಬಂದ ಸಂತತಿ. ಆದ್ದರಿಂದ ‘ಯಾವ ಯಾವ ತಳಿ ಸೇರಿದೆ’ ಎಂದು ಹುಡುಕುವ ಬದಲು, ಇದು ನಾಡನಾಯಿಯೇ ಎಂದು ಮೊದಲು ಇಟ್ಟುಕೊಂಡು, ಆ ಊಹೆಯನ್ನು ಸುಳ್ಳುಮಾಡುವ ಗುರುತು ಏನಾದರೂ ಇದೆಯೇ ಎಂದು ಪರೀಕ್ಷಿಸುವುದು ಸರಿಯಾದ ದಾರಿ.

ಮೊದಲು ವಿಚಾರಣೆ

ಮರಿ ಎಲ್ಲಿಂದ ಬಂತು, ತಾಯಿಯನ್ನು ಕಂಡವರು ಯಾರು, ಒಡಹುಟ್ಟುಗಳು ಯಾರ ಮನೆಯಲ್ಲಿವೆ ಎಂಬುದನ್ನು ಕೇಳಿ ಬರೆದಿಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ಕಡೆಯ ಮರಿಯಾದರೆ ವಿದೇಶಿ ತಳಿಯ ರಕ್ತ ಇರುವ ಸಾಧ್ಯತೆ ಹೆಚ್ಚು. ಬಾಗಲಕೋಟೆ, ವಿಜಯಪುರದ ಕಡೆಯದಾದರೆ ಮುಧೋಳದಂಥ ಬೇಟೆನಾಯಿಯ ಅಂಶವನ್ನು ಪರಿಶೀಲಿಸಬೇಕಾಗುತ್ತದೆ. ಆದರೆ ‘ಅದರ ಅಣ್ಣ ಪಕ್ಕಾ ಲ್ಯಾಬ್ರಡಾರ್’ ಎಂಬ ಮಾತನ್ನು ಸಾಕ್ಷಿಯೆಂದು ಹಿಡಿಯಬೇಡಿ. ಬೆದೆಗೆ ಬಂದ ಹೆಣ್ಣುನಾಯಿ ಹಲವು ಗಂಡುಗಳೊಡನೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರು ಇರಬಲ್ಲರು.

ಮರಿಯ ವಯಸ್ಸಿನಲ್ಲಿ ತೀರ್ಪು ಕೊಡುವುದೂ ಬೇಡ. ಹಲ್ಲು ಬದಲಾಗುವ ತಿಂಗಳುಗಳಲ್ಲಿ ಕಿವಿ ಒಂದು ವಾರ ನಿಂತು ಮತ್ತೊಂದು ವಾರ ಬೀಳುತ್ತದೆ, ಕಾಲು ಮೈಗಿಂತ ಬೇಗ ಬೆಳೆಯುತ್ತದೆ. ಒಂದು ವರ್ಷ ತುಂಬಲಿ.

ಅಳತೆ

ಸಮತಟ್ಟಾದ ನೆಲ ಬೇಕು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅನುಕೂಲ. ನಾಯಿಯನ್ನು ಗೋಡೆಗೆ ಒತ್ತಿ, ನಾಲ್ಕೂ ಕಾಲು ನೇರವಾಗಿ ಊರುವಂತೆ ನಿಲ್ಲಿಸಿ. ಒಬ್ಬರು ಮುಂದೆ ಕೂತು ಕೈಯಲ್ಲಿ ಬಿಸ್ಕತ್ತು ಹಿಡಿದಿದ್ದರೆ ಅದು ಅಲುಗಾಡದೆ ನಿಲ್ಲುತ್ತದೆ, ಆದರೆ ಬಿಸ್ಕತ್ತು ಮೂಗಿನ ಮಟ್ಟಕ್ಕೇ ಇರಲಿ, ಮೇಲೆತ್ತಿದರೆ ಬೆನ್ನು ಬಾಗುತ್ತದೆ. ಎತ್ತರ ಅಳೆಯುವುದು ತಲೆಯವರೆಗಲ್ಲ. ಕತ್ತು ಬೆನ್ನಿಗೆ ಸೇರುವಲ್ಲಿ, ಎರಡು ಹೆಗಲೆಲುಬುಗಳ ನಡುವೆ ಬೆರಳಿಗೆ ಸಿಗುವ ಉಬ್ಬಿನವರೆಗೆ. ಅಲ್ಲಿ ಕೂದಲನ್ನು ಒತ್ತಿ ಅಡ್ಡಪಟ್ಟಿಯೊಂದನ್ನು ಮಟ್ಟವಾಗಿ ಇಟ್ಟು, ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ, ನಾಯಿಯನ್ನು ಬಿಟ್ಟ ಮೇಲೆ ಟೇಪಿನಿಂದ ಅಳೆಯಿರಿ. ಅನಂತರ ಒಂದು ದಾರದಿಂದ ತಲೆಯ ಹಿಂಬದಿಯ ಎಲುಬಿನ ಮೊನೆಯಿಂದ ಕಣ್ಣುಗಳ ನಡುವಿನವರೆಗೆ, ಅಲ್ಲಿಂದ ಮೂಗಿನ ತುದಿಯವರೆಗೆ ಬೇರೆ ಬೇರೆಯಾಗಿ ಅಳೆದು ಬರೆದುಕೊಳ್ಳಿ. ಎದೆಯ ಕೆಳಗಿನ ಅಂಚು ಮುಂಗಾಲಿನ ಮೊಣಕೈಯನ್ನು ಮುಟ್ಟುತ್ತದೆಯೇ, ಇಲ್ಲವೇ ಎಂಬುದನ್ನೂ ನೋಡಿ. ನಾಯಿಯ ಮಟ್ಟಕ್ಕೇ ಕೂತು ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ನಿಂತು ಮೇಲಿನಿಂದ ತೆಗೆದ ಫೋಟೊದಲ್ಲಿ ಎಲ್ಲ ನಾಯಿಯೂ ದೊಡ್ಡ ತಲೆಯ, ಗಿಡ್ಡ ಕಾಲಿನ ಪ್ರಾಣಿಯಂತೆಯೇ ಕಾಣುತ್ತದೆ.

ಈಗ ಹೋಲಿಕೆ. ನಾಡನಾಯಿ ಸಾಮಾನ್ಯವಾಗಿ 45ರಿಂದ 64 ಸೆಂಟಿಮೀಟರ್ ಎತ್ತರ ಇರುತ್ತದೆ. ಹಣೆ ಅಗಲವಾಗಿ ಮೂತಿಯ ಕಡೆಗೆ ಸಣ್ಣದಾಗುವ ತಲೆ, ಬುಡ ಅಗಲವಾದ ನಿಗುರು ಕಿವಿ, ಬಾದಾಮಿ ಆಕಾರದ ಕಂದು ಕಣ್ಣು, ಬೆನ್ನ ಮೇಲೆ ಸುರುಳಿಯಾಗುವ ಅಥವಾ ಕುಡುಗೋಲಿನಂತೆ ಬಾಗುವ ಬಾಲ, ಒತ್ತಾದ ಗಿಡ್ಡ ಕೂದಲು ಇವು ಅದರ ಗುರುತು.

ಮುಧೋಳದ ಕಟ್ಟು ಇದಕ್ಕಿಂತ ಸ್ಪಷ್ಟವಾಗಿ ಬೇರೆ. ಗಂಡು 68ರಿಂದ 72, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರ. ತಲೆ ಉದ್ದ, ಇಕ್ಕಟ್ಟು. ತ್ರಿಕೋನಾಕಾರದ ಕಿವಿಗಳು ತಲೆಬುರುಡೆಗೆ ಅಂಟಿದಂತೆ ಜೋತಿರುತ್ತವೆ. ಎದೆ ಆಳವಾಗಿ ಇಳಿದು, ಹೊಟ್ಟೆ ಸೊಂಟದ ಕಡೆ ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಬಾಲ ಕೆಳಗಿನಿಂದ ಹೊರಟು ತುದಿಗೆ ತೆಳ್ಳಗಾಗುತ್ತದೆ. ಕಿವಿ, ಕಾಲು, ಬಾಲದಲ್ಲಿ ರೇಷ್ಮೆಯಂಥ ಉದ್ದ ಕೂದಲಿದ್ದರೆ ಅದನ್ನು ಪಶ್ಮಿ ಎನ್ನುತ್ತಾರೆ. ಹೊಟ್ಟೆಗೆ ಸಾಲದೆ ಪಕ್ಕೆಲುಬು ಕಾಣುವ ನಾಡನಾಯಿಯನ್ನು ಮುಧೋಳ ಎಂದು ಕರೆಯುವುದು ನಮ್ಮಲ್ಲಿ ತೀರ ಸಾಮಾನ್ಯ. ಮೂರು ತಿಂಗಳು ಹೊಟ್ಟೆ ತುಂಬ ಊಟ ಹಾಕಿ ಮತ್ತೆ ನೋಡಿ: ಹಸಿವಿನ ಸೊಂಟ ತುಂಬಿಕೊಳ್ಳುತ್ತದೆ, ತಳಿಯ ಸೊಂಟ ಹಾಗೆಯೇ ಉಳಿಯುತ್ತದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆಯಾಗಿ ಕೊಟ್ಟಿದ್ದು ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿಯನ್ನೂ ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಿಮ್ಮ ನಾಯಿ ಮೇಲಿನ ಎಲ್ಲ ಗುರುತಿಗೂ ಹೊಂದಿದರೆ ಈ ತಳಿ ಬಲ್ಲವರಿಗೆ ತೋರಿಸುವುದು ಸೂಕ್ತ.

ವಿದೇಶಿ ತಳಿಯ ಬೆರಕೆಯನ್ನು ತೋರಿಸುವ ಗುರುತುಗಳು ಕಡಿಮೆ, ಆದರೆ ಇದ್ದರೆ ಗಟ್ಟಿ. ಬುಡದಲ್ಲಿ ದಪ್ಪವಾಗಿ ನೇರ ಚಾಚಿದ ಬಾಲ, ಭಾರವಾದ ಎಲುಬು ಲ್ಯಾಬ್ರಡಾರ್ ಕಡೆಗೆ ಬೆರಳು ಮಾಡುತ್ತವೆ. ಸೊಂಟದ ಬಳಿ ಕೂದಲನ್ನು ಬೆರಳಿಂದ ಬಗೆದಾಗ ಕೆಳಗೆ ಹತ್ತಿಯಂಥ ಒಳಪದರ ದಟ್ಟವಾಗಿದ್ದು, ಬೆನ್ನು ಹಿಂದಕ್ಕೆ ಇಳಿಜಾರಾಗಿದ್ದರೆ ಅಲ್ಸೇಷಿಯನ್ ಎಂಬ ಊಹೆಗೆ ಆಧಾರವಿದೆ. ಮೈ ದೊಡ್ಡದಾಗಿದ್ದು ಕಾಲು ಮಾತ್ರ ಮೋಟಾಗಿದ್ದರೆ ಡ್ಯಾಷ್‌ಹಂಡ್‌ನಂಥ ಪೂರ್ವಜ ಇರಲೇಬೇಕೆನ್ನುವಷ್ಟು ಧೈರ್ಯದಿಂದ ಹೇಳಬಹುದು, ಏಕೆಂದರೆ ಈ ಮೋಟುಗಾಲಿಗೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ ಒಂದೇ ವಂಶವಾಹಿ ಪ್ರತಿ ಸಾಕು. ಮರಿಯಾಗಿದ್ದಾಗ ಪೋಷಣೆ ಕಡಿಮೆಯಾಗಿ ಸೊಟ್ಟಗಾದ ಕಾಲನ್ನು ಮಾತ್ರ ಇದರೊಡನೆ ಬೆರೆಸಬೇಡಿ.

ಬಣ್ಣ ಏಕೆ ಕಡೆಗೆ

ಬಣ್ಣವನ್ನು ನಿರ್ಧರಿಸುವ ವಂಶವಾಹಿಗಳು ಬೆರಳೆಣಿಕೆಯಷ್ಟು, ಅವು ಹೆಚ್ಚುಕಡಿಮೆ ಎಲ್ಲ ನಾಯಿ ಸಮುದಾಯಗಳಲ್ಲೂ ಹರಡಿವೆ. ಎದೆಯ ಬಿಳಿ ಮಚ್ಚೆ, ಬಿಳಿ ಕಾಲ್ಬೆರಳು, ಹುಲಿಪಟ್ಟೆ ಇವು ಯಾವ ತಳಿಯನ್ನೂ ಸಾರುವುದಿಲ್ಲ. ಕಪ್ಪು ಮೈಯ, ಹುಬ್ಬಿನ ಜಾಗದಲ್ಲಿ ಕಂದು ಚುಕ್ಕೆಯ ನಾಯಿಯನ್ನೇ ತೆಗೆದುಕೊಳ್ಳಿ. ಋಗ್ವೇದ ಯಮನ ನಾಯಿಗಳನ್ನು ನಾಲ್ಕು ಕಣ್ಣಿನವು ಎನ್ನುತ್ತದೆ, ವಿದ್ವಾಂಸರಲ್ಲಿ ಅನೇಕರು ಇದನ್ನು ಕಣ್ಣಿನ ಮೇಲಿನ ಈ ಚುಕ್ಕೆಗಳೆಂದೇ ಅರ್ಥೈಸುತ್ತಾರೆ. ಡಾಬರ್‌ಮನ್ ತಳಿ ಜರ್ಮನಿಯಲ್ಲಿ ರೂಪುಗೊಂಡಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ; ಹಾಗಾಗಿ ಈ ಚುಕ್ಕೆ ಡಾಬರ್‌ಮನ್ ರಕ್ತಕ್ಕೆ ಸಾಕ್ಷಿಯಲ್ಲ. ಉದ್ದ ಕೂದಲೂ ಮೋಸ ಮಾಡುತ್ತದೆ. ಅದು ಸಾಮಾನ್ಯವಾಗಿ ಅಡಗಿ ಬರುವ ಗುಣವಾದ್ದರಿಂದ ಗಿಡ್ಡ ಕೂದಲಿನ ತಂದೆ ತಾಯಿಗೆ ಜೂಲು ಮರಿ ಹುಟ್ಟಬಹುದು.

ನಡವಳಿಕೆ ಬಣ್ಣಕ್ಕಿಂತ ಸ್ವಲ್ಪ ಮೇಲು. ದೂರದ ಮೊಲವನ್ನು ಕಣ್ಣಿನಿಂದ ಹಿಡಿದು, ಬೊಗಳದೆ ನೇರ ಓಡುವುದು ಬೇಟೆನಾಯಿಯ ಚಾಳಿ. ಹೆಣ್ಣುನಾಯಿಯಾದರೆ ಬೆದೆಯ ತಿಂಗಳುಗಳನ್ನು ಬರೆದಿಡಿ: ವರ್ಷಕ್ಕೊಮ್ಮೆ ಮಾತ್ರ ಬಂದರೆ ಅದು ನಾಡನಾಯಿಯ ಕಡೆಗೆ ತೂಗುತ್ತದೆ, ಬಹುತೇಕ ವಿದೇಶಿ ತಳಿಗಳು ವರ್ಷಕ್ಕೆ ಸುಮಾರು ಎರಡು ಬಾರಿ ಬರುತ್ತವೆ.

ಪರೀಕ್ಷೆ ಮತ್ತು ಕಾಗದ

ಡಿಎನ್‌ಎ ಪರೀಕ್ಷೆಗೆ ಕೆನ್ನೆಯ ಒಳಭಾಗವನ್ನು ಬ್ರಷ್‌ನಿಂದ ಸವರಿ ಕಳುಹಿಸಿದರೆ ಸಾಕು. ಊಟವಾದ ಕೂಡಲೇ ಮಾಡಬಾರದು. ಪ್ರಯೋಗಾಲಯ ಆ ಮಾದರಿಯನ್ನು ತನ್ನ ಸಂಗ್ರಹದಲ್ಲಿರುವ ತಳಿಗಳೊಡನೆ ಮಾತ್ರ ಹೋಲಿಸಬಲ್ಲದು. ಹೀಗಾಗಿ ಹಣ ಕಟ್ಟುವ ಮೊದಲು ಆ ಸಂಗ್ರಹದಲ್ಲಿ ಭಾರತದ ನಾಡನಾಯಿ, ಮುಧೋಳ, ರಾಜಪಾಳಯಂ ಇವೆಯೇ ಎಂದು ಕೇಳಿ. ಇಲ್ಲವೆಂದರೆ ವರದಿಯಲ್ಲಿ ನಿಮ್ಮ ತೋಟದ ಕಾವಲುಗಾರ ಶೇಕಡಾವಾರು ಲೆಕ್ಕದಲ್ಲಿ ಕೇಳರಿಯದ ದೇಶಗಳ ನಾಯಿಯಾಗಿ ಬರುವ ಸಂಭವವಿದೆ, ನನ್ನ ಮಟ್ಟಿಗೆ ಆ ದುಡ್ಡನ್ನು ಲಸಿಕೆಗೆ ಇಡುವುದು ಮೇಲು. ಶುದ್ಧ ತಳಿ ಎಂದು ಅಧಿಕೃತವಾಗಿ ಹೇಳಿಸಿಕೊಳ್ಳಬೇಕಾದರೆ ವಂಶಾವಳಿಯ ದಾಖಲೆ ಬೇಕು; ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿಗೆ ಮೈಕ್ರೋಚಿಪ್ ಕೂಡ ಹಾಕಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ್ದು ಪಶುವೈದ್ಯರ ಬಳಿ ಉಪಯೋಗಕ್ಕೆ ಬರುತ್ತದೆ. ದನಗಳ ಉಣ್ಣೆಗೆ ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೂ ಕೊಡುವ ರೂಢಿ ತೋಟದ ಮನೆಗಳಲ್ಲಿದೆ. ಇದು ಯಾವ ನಾಯಿಗೂ ಅಪಾಯಕಾರಿ. ಕೋಲಿ ಮೊದಲಾದ ಕುರಿಕಾಯುವ ತಳಿಗಳಲ್ಲಿ ಮತ್ತು ಕೆಲವು ಅಲ್ಸೇಷಿಯನ್‌ಗಳಲ್ಲಿ ಇರುವ ಒಂದು ವಂಶವಾಹಿ ದೋಷದಿಂದ ಈ ಔಷಧ ಮಿದುಳಿಗೆ ಇಳಿದು, ಬೇರೆ ನಾಯಿ ತಡೆದುಕೊಳ್ಳುವ ಪ್ರಮಾಣದಲ್ಲೇ ತೂರಾಟ, ಜೊಲ್ಲು, ಪ್ರಜ್ಞಾಹೀನತೆ ಬರಬಹುದು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಬೇಟೆನಾಯಿಗಳು ಕೆಲವು ಅರಿವಳಿಕೆಗಳಿಂದ ಎಚ್ಚರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ, ಗ್ರೇಹೌಂಡ್‌ಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಮುಧೋಳದ ಕಟ್ಟಿನ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ವೈದ್ಯರಿಗೆ ಇದನ್ನು ತಿಳಿಸಿ. ಲಸಿಕೆ ಕಾರ್ಡಿನ ತಳಿ ಕಾಲಂನಲ್ಲಿ ಊಹೆಯ ಹೆಸರು ತುಂಬಿಸುವ ಬದಲು ‘ನಾಡನಾಯಿ’ ಅಥವಾ ‘ನಾಡನಾಯಿ, ಅಲ್ಸೇಷಿಯನ್ ಬೆರಕೆ ಇರಬಹುದು’ ಎಂದು ಬರೆಸಿ, ಪಕ್ಕದಲ್ಲೇ ಅಳೆದ ಎತ್ತರವನ್ನೂ ಆ ದಿನದ ತೂಕವನ್ನೂ ನಮೂದಿಸಿ. ಮುಂದಿನ ಸಲ ಜಂತುಹುಳುವಿನ ಮಾತ್ರೆಯ ಪ್ರಮಾಣ ಲೆಕ್ಕ ಹಾಕುವಾಗ ವೈದ್ಯರು ನೋಡುವುದು ಆ ತೂಕವನ್ನೇ.